ಬಣ್ಣ ಬಳಿಯದ ಚಿತ್ರ

ಮೈಸೂರಿನ ಬೀಟೆ ಮರದ ಇನ್‌ಲೇ ಫಲಕವೊಂದನ್ನು ಗೋಡೆಯಿಂದ ಇಳಿಸಿ, ಕಿಟಕಿಯ ಬೆಳಕಿಗೆ ತುಸು ಓರೆ ಮಾಡಿ ಹಿಡಿದು ನೋಡಬೇಕು. ದಸರಾ ಮೆರವಣಿಗೆಯ ಆನೆಯೋ, ಎತ್ತಿನ ಗಾಡಿಯೋ, ಕೊಳಲು ಹಿಡಿದ ಕೃಷ್ಣನೋ, ಯಾವುದಾದರೂ ಸರಿ. ದೂರಕ್ಕೆ ಅದೊಂದು ಚಿತ್ರ. ಹತ್ತಿರ ತಂದುಕೊಂಡರೆ ಬಣ್ಣ ಎಂದುಕೊಂಡದ್ದೆಲ್ಲ ಮರವೇ. ಹಳದಿ ಹಲಸಿನದು, ಬಿಳುಪು ಹಾಲೆಯದು, ಕಪ್ಪು ಕರಿಮರದ್ದು, ಹಿನ್ನೆಲೆಯ ನೇರಳೆ ಬೆರೆತ ಕಡುಗಂದು ಬೀಟೆಯದು. ಫಲಕವನ್ನು ಮೆಲ್ಲಗೆ ಹೊರಳಿಸಿದರೆ ಆನೆಯ ಸೊಂಡಿಲಿನ ಉದ್ದಕ್ಕೂ ಬೆಳಕು ಜಾರಿ ಇಳಿಯುತ್ತದೆ. ಸೊಂಡಿಲು ಇಳಿಯುವ ದಿಕ್ಕಿಗೇ ಮರದ ಎಳೆ ಬರುವ ಹಾಗೆ ಚೂರನ್ನು ಆರಿಸಿ ಕೊಯ್ದಿದ್ದಾರೆ. ಆ ಹೊಳಪು ಅದರ ಫಲ. ಬೆರಳಿನಿಂದ ಸವರಿದರೆ ಒಂದು ಮರ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂಬುದು ತಿಳಿಯುವುದೇ ಇಲ್ಲ.

ಸಯ್ಯಾಜಿರಾವ್ ರಸ್ತೆಯ ಕಾವೇರಿ ಎಂಪೋರಿಯಂನಲ್ಲಿ ಇಂಥ ಫಲಕಗಳ ಮುಂದೆ ಒಂದು ನಿಮಿಷ ನಿಂತು, "ತುಂಬಾ ಚೆನ್ನಾಗಿದೆ" ಎಂದು ಮುಂದೆ ಹೋಗುವವರೇ ಹೆಚ್ಚು. ಆ ಮೆಚ್ಚುಗೆ ಸುಳ್ಳಲ್ಲ, ಆದರೆ ಸಾಲದು. ಮರದ ಸೊಗಸು ಕಣ್ಣಿಗೆ ಪೂರ್ತಿ ದಕ್ಕಬೇಕಾದರೆ ಅದು ಮೊದಲು ಕೈಗೆ ಸ್ವಲ್ಪವಾದರೂ ದಕ್ಕಿರಬೇಕು. ಮನೆಯ ಮೂಲೆಯಲ್ಲಿ ಗಟ್ಟಿಯಾದ ಒಂದು ಮೇಜು ಹಾಕಿ, ಕೆಲವೇ ಹತಾರಗಳನ್ನು ಇಟ್ಟುಕೊಂಡು, ರಜೆಯ ದಿನಗಳಲ್ಲಿ ಮರಗೆಲಸ ಮಾಡುವವರಿಗೆ ಸಿಗುವ ಅತಿ ದೊಡ್ಡ ಲಾಭ ಇದೇ. ಪೆಟ್ಟಿಗೆಯೋ ಮಣೆಯೋ ಮನೆಗೆ ಬರುತ್ತದೆ. ಅದರ ಜೊತೆಗೆ ನೋಡುವ ಕಣ್ಣೂ ಬರುತ್ತದೆ. ಆ ಕಣ್ಣು ಬಂದವರಿಗೆ ಮೈಸೂರು ಸೀಮೆಯಲ್ಲಿ ನೋಡಲು ಬೇಕಾದಷ್ಟಿದೆ.

ಗೋಕುಲಂ ಈ ಹವ್ಯಾಸಕ್ಕೆ ಹೇಳಿ ಮಾಡಿಸಿದ ಬಡಾವಣೆ. ಒಂಟಿಕೊಪ್ಪಲು, ಜಯಲಕ್ಷ್ಮೀಪುರಂಗಳ ಮಗ್ಗುಲಲ್ಲಿರುವ ಇಲ್ಲಿನ ಹಳೆಯ ಮನೆಗಳಿಗೆ ಜಗಲಿ, ಕಾರ್ ಶೆಡ್ಡು, ತೆಂಗಿನ ಮರದ ಹಿತ್ತಿಲು ಇನ್ನೂ ಉಳಿದಿವೆ. ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗಶಾಲೆ 2002ರಲ್ಲಿ ಲಕ್ಷ್ಮೀಪುರದಿಂದ ಗೋಕುಲಕ್ಕೆ ಬಂದ ಮೇಲೆ, ನಸುಕಿನಲ್ಲೇ ಚಾಪೆ ಸುತ್ತಿ ಹೆಗಲಿಗೇರಿಸಿ ನಡೆಯುವ ಪರದೇಶದ ವಿದ್ಯಾರ್ಥಿಗಳೂ ಈ ಬೀದಿಗಳವರೇ ಆಗಿದ್ದಾರೆ. ಇಂಥ ನೆರೆಹೊರೆಗೆ ಕರೆಂಟಿನ ಗರಗಸದ ಅಬ್ಬರ ಒಗ್ಗುವುದಿಲ್ಲ. ದಿಮ್ಮಿ ಸೀಳಿಸುವುದು, ಹಲಗೆಯ ದಪ್ಪ ಇಳಿಸುವುದು ಇವನ್ನೆಲ್ಲ ಮರದ ಮಿಲ್ಲಿನಲ್ಲೇ ಮುಗಿಸಿಕೊಂಡು ಬಂದರೆ, ಮನೆಗೆ ಉಳಿಯುವುದು ಸುಖದ ಭಾಗ: ಗುರುತು ಹಾಕುವುದು, ಕೊಯ್ಯುವುದು, ಕೂಡಿಸುವುದು, ನಯ ಮಾಡುವುದು. ಇಷ್ಟನ್ನೂ ಕೈಹತಾರಗಳಲ್ಲಿ, ಪಕ್ಕದ ಮನೆಯವರ ನಿದ್ದೆ ಕೆಡಿಸದೆ ಮಾಡಬಹುದು.

ಹತಾರಗಳ ಪಟ್ಟಿ ಚಿಕ್ಕದು. ಸಣ್ಣ ಹಲ್ಲಿನ ಕೈಗರಗಸ, ಕಾಲು, ಅರ್ಧ, ಮುಕ್ಕಾಲು ಅಂಗುಲದ ಮೂರು ಉಳಿ, ಒಂದು ಕೊಡತಿ, ಮೂಲೆಮಟ್ಟ, ಗೆರೆ ಗೀಚಲು ಚೂಪಾದ ಚಾಕು, ಒಂದು ಹತ್ತರಿ, ಒಂದು ಸಾಣೆಕಲ್ಲು. ಇವುಗಳಲ್ಲಿ ಮೊದಲ ಮರ್ಯಾದೆ ಸಾಣೆಕಲ್ಲಿಗೆ. ಉಳಿಯ ಓರೆಯನ್ನು ಸುಮಾರು 25 ಡಿಗ್ರಿಗೆ ಮಸೆದು, ತುದಿಯನ್ನು ಮಾತ್ರ 30 ಡಿಗ್ರಿಗೆ ಎತ್ತಿ ಇನ್ನೆರಡು ಸಲ ಎಳೆಯಬೇಕು. ಹಿಂಬದಿ ಪೂರ್ತಿ ಮಟ್ಟವಾಗಿರಬೇಕು. ಏಕೆಂದರೆ ಅಲಗು ಎನ್ನುವುದು ಎರಡು ನಯವಾದ ಮುಖಗಳು ಕೂಡುವ ಗೆರೆ, ಒಂದು ಮುಖ ಒರಟಾದರೂ ಆ ಗೆರೆ ಕೆಟ್ಟಿತು. ಹರಿತ ಬಂತೇ ಎಂದು ತಿಳಿಯಲು ಮೆದು ಮರದ ತುಂಡೊಂದರ ತುದಿಯನ್ನು ಅಡ್ಡಕ್ಕೆ ಕೆತ್ತಿ ನೋಡಬೇಕು. ಮೊಂಡು ಉಳಿ ಎಳೆಗಳನ್ನು ಜಜ್ಜಿ ಪುಡಿ ಉದುರಿಸುತ್ತದೆ. ಹರಿತವಾದ ಉಳಿ ತೆಳುವಾದ ಸಿಪ್ಪೆ ಎಬ್ಬಿಸಿ, ಹಿಂದೆ ಹೊಳೆಯುವ ಮೈ ಬಿಟ್ಟುಹೋಗುತ್ತದೆ.

ಹತ್ತರಿಯ ಕೆಲಸವಂತೂ ಕಿವಿಗೂ ಹಬ್ಬ. ಸಾಮಾನ್ಯ ಹತ್ತರಿಯಲ್ಲಿ ಅಲಗು 45 ಡಿಗ್ರಿ ಓರೆಯಲ್ಲಿ ಕೂತಿರುತ್ತದೆ. ಅದನ್ನು ಕೂದಲೆಳೆಯಷ್ಟೇ ಹೊರಗೆ ಬಿಟ್ಟು, ಎಳೆ ಹೋಗುವ ದಿಕ್ಕಿನಲ್ಲಿ ಒಂದೇ ಸಮನೆ ತಳ್ಳಿದರೆ ಸುಯ್ಯೆಂದು ಸುರುಳಿ ಏಳುತ್ತದೆ. ಆ ಸುರುಳಿಯನ್ನು ಬಿಡಿಸಿ ಬೆಳಕಿಗೆ ಹಿಡಿದರೆ ಆಚೆ ಬದಿಯ ಬೆರಳಿನ ನೆರಳು ಕಾಣುತ್ತದೆ. ಎಳೆಗೆ ಎದುರಾಗಿ ತಳ್ಳಿದರೆ ಸದ್ದೇ ಬೇರೆ, ಕಿತ್ತು ಹರಿದ ಸದ್ದು. ಆಗ ಹಲಗೆಯನ್ನು ಹಿಂದುಮುಂದು ಮಾಡಿಟ್ಟುಕೊಳ್ಳಬೇಕು. ಮರಕ್ಕೂ ಒಂದು ಒಲ್ಲದ ದಿಕ್ಕಿದೆ ಎಂಬುದನ್ನು ಕೈ ಕಲಿಯುವುದು ಹೀಗೆ. ಉಪ್ಪುಕಾಗದ ಉಜ್ಜಿಯೂ ನಯ ಮಾಡಬಹುದು. ಆದರೆ ಉಪ್ಪುಕಾಗದ ಮೈತುಂಬ ಸಣ್ಣ ಗೀರು ಎಳೆಯುತ್ತದೆ, ಉಜ್ಜಿದ ಪುಡಿ ಮರದ ರಂಧ್ರಗಳಲ್ಲಿ ಕೂತು ಎಳೆಗಳಿಗೆ ಮಂಕು ಕವಿಯುತ್ತದೆ. ಹರಿತವಾದ ಅಲಗು ಕೊಯ್ದ ಮೈಯಲ್ಲಿ ಪಾಲಿಷ್ ಬೀಳುವ ಮೊದಲೇ ಒಂದು ಒಳಬೆಳಕು ಕಾಣುತ್ತದೆ. ಎರಡು ಚೂರುಗಳನ್ನು ಪಕ್ಕಪಕ್ಕ ಇಟ್ಟು ನೋಡಿದವರಿಗೆ ಹತ್ತರಿಯ ಮೋಹ ಬಿಡುವುದಿಲ್ಲ.

ಇನ್ನು ಮರ. ಒಂದೊಂದಕ್ಕೂ ಒಂದೊಂದು ಬಣ್ಣ, ವಾಸನೆ, ಹಟ. ಹೊಸದಾಗಿ ಕೊಯ್ದ ಹಲಸು ಅಪ್ಪಟ ಹಳದಿ. ಬೆಳಕು ಬಿದ್ದ ಹಾಗೆ ವರ್ಷ ಕಳೆದಂತೆ ಹೊಂಬಣ್ಣಕ್ಕೆ, ಆಮೇಲೆ ಕಂದಿಗೆ ಇಳಿಯುತ್ತದೆ. ಮೃದಂಗದ ಒಡಲೂ ಇದೇ ಮರದ್ದು. ತೇಗ ಮುಟ್ಟಿದರೆ ಜಿಡ್ಡು ಜಿಡ್ಡು, ವಾಸನೆಯಲ್ಲಿ ಹದ ಮಾಡಿದ ಚರ್ಮದ ನೆನಪು. ಆ ಎಣ್ಣೆಯಿಂದಾಗಿಯೇ ಅದು ಮಳೆ ಬಿಸಿಲಿಗೆ ಜಗ್ಗದು. ಅದರಿಂದಾಗಿಯೇ ಅಂಟು ಹಾಕುವ ಮೊದಲು ತಿನ್ನರ್‌ನಲ್ಲಿ ಒರೆಸಿಕೊಳ್ಳಬೇಕಾಗುತ್ತದೆ. ತೇಗದೊಳಗೆ ಮರಳಿನ ಅಂಶ, ಅಂದರೆ ಸಿಲಿಕಾ ಇರುವುದರಿಂದ ಉಳಿ ಬೇಗ ಮೊಂಡಾಗುತ್ತದೆ. ಹೊನ್ನೆಯದು ಬೇರೆಯೇ ಚೋದ್ಯ. ಅದರ ಚಕ್ಕೆಯನ್ನು ಗಾಜಿನ ಲೋಟದ ನೀರಿಗೆ ಹಾಕಿಟ್ಟರೆ ನೀರು ಚಹಾದ ಬಣ್ಣಕ್ಕೆ ತಿರುಗಿ, ಬಿಸಿಲಿನಲ್ಲಿ ಅಂಚಿಗೆ ನೀಲಿ ಹೊಳಪು ತೋರುತ್ತದೆ. ಕೊಡಗು, ಹಾಸನದ ಕಾಫಿ ತೋಟಗಳಲ್ಲಿ ನೆರಳಿಗೆಂದು ಬೆಳೆಸುವ ಸಿಲ್ವರ್ ಓಕ್ ಅಗ್ಗದ ಮರ ಎಂಬ ಕಾರಣಕ್ಕೇ ಅಸಡ್ಡೆಗೆ ಒಳಗಾಗಿದೆ. ಆದರೆ ದಿಮ್ಮಿಯ ನಡುವಿನಿಂದ ಹೊರಕ್ಕೆ ಸೀಳಿದ ಅದರ ಹಲಗೆಯ ಮೇಲೆ ಜಾಲರಿಯ ಕಸೂತಿ ಹರಡಿದಂಥ ಚಿತ್ತಾರ ಏಳುತ್ತದೆ. ಮೊದಲ ಪೆಟ್ಟಿಗೆಗೆ ಅದಕ್ಕಿಂತ ಒಳ್ಳೆಯ ಮರ ಬೇಡ.

ಮರ ಕೊಳ್ಳುವಾಗ ಕಣ್ಣು ಮೊದಲು ಹೋಗುವುದು ಹಲಗೆಯ ಮುಖಕ್ಕೆ. ಮಂಡಿಯಲ್ಲಿ ಪಳಗಿದವರು ನೋಡುವುದು ತುದಿಯನ್ನು. "ಬಣ್ಣ ಆಮೇಲೆ ನೋಡೋರಂತೆ ಸಾರ್, ಮೊದ್ಲು ತುದೀಲಿ ಉಂಗುರ ಹೆಂಗೆ ಕೂತಿದೆ ನೋಡಿ" ಎಂದು ಅಲ್ಲಿಯ ಹಿರಿಯರೊಬ್ಬರು ಹೇಳಿದ ಮಾತು ಒಂದು ಇಡೀ ಪಾಠ. ಉಂಗುರಗಳು ಹಲಗೆಯ ಮುಖಕ್ಕೆ ನೆಟ್ಟಗೆ ನಿಂತಿದ್ದರೆ ಹಲಗೆ ಸಾಧು. ಕಮಾನಿನಂತೆ ಬಾಗಿದ್ದರೆ ಒಣಗುವಾಗ ಆ ಕಮಾನಿನ ಎದುರು ಬದಿಗೆ ಡೊಂಕಾಗುತ್ತದೆ. ಮರ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಅಗಲಕ್ಕೆ ಕುಗ್ಗುತ್ತದೆ, ಅದರಲ್ಲೂ ಉಂಗುರದ ಸುತ್ತಿನ ದಿಕ್ಕಿನಲ್ಲಿ ಕುಗ್ಗುವುದು, ನಡುವಿನಿಂದ ಹೊರಕ್ಕೆ ಹೋಗುವ ದಿಕ್ಕಿಗಿಂತ ಸುಮಾರು ಎರಡು ಪಟ್ಟು. ಒಂದು ಅಡಿ ಅಗಲದ ಹಲಗೆ ಚೈತ್ರದ ಬಿಸಿಲಿಗೂ ಆಷಾಢದ ತೇವಕ್ಕೂ ನಡುವೆ ಒಂದೆರಡು ಮಿಲಿಮೀಟರ್ ಹಿಗ್ಗಿ ಕುಗ್ಗಿ ಮಾಡುತ್ತಲೇ ಇರುತ್ತದೆ. ಹಳೆಯ ಮನೆಗಳ ತೇಗದ ಬಾಗಿಲನ್ನು ಈ ತಿಳಿವಳಿಕೆಯಿಂದ ನೋಡಿದರೆ ಗೌರವ ಹುಟ್ಟುತ್ತದೆ. ಸುತ್ತ ಗಟ್ಟಿ ಚೌಕಟ್ಟು. ನಡುವಿನ ಹಲಗೆಯನ್ನು ಅಂಟಿಸಿಲ್ಲ, ಮೊಳೆ ಹೊಡೆದಿಲ್ಲ, ಚೌಕಟ್ಟಿನ ಒಳಗಿನ ತೋಡಿನಲ್ಲಿ ಸುಮ್ಮನೆ ಕೂರಿಸಿದ್ದಾರೆ. ಮಳೆಗಾಲದಲ್ಲಿ ಅದು ತೋಡಿನೊಳಗೇ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಬಾಗಿಲು ಮಾತ್ರ ಬಾಗಿಲಾಗಿಯೇ ಇರುತ್ತದೆ.

ಮೈಸೂರಿನ ಮನೆಯಲ್ಲಿ ಮೊದಲು ಮಾಡಬೇಕಾದ ಸಾಮಾನು ಯಾವುದು ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಸಿದ್ಧ: ದಸರೆಗೆ ಬೊಂಬೆ ಕೂರಿಸುವ ಮೆಟ್ಟಿಲು. ಐದೋ ಏಳೋ ಒಂಬತ್ತೋ ಮೆಟ್ಟಿಲು. ಒಂಬತ್ತು ದಿನ ನಿಂತು, ವರ್ಷವಿಡೀ ಅಟ್ಟದ ಮೇಲೆ ಮಲಗಬೇಕು. ಹಾಗಾಗಿ ಬಿಚ್ಚಿ ಜೋಡಿಸುವಂತಿರಬೇಕು. ಅಡ್ಡಪಟ್ಟಿಯಲ್ಲಿ ಅರ್ಧ ದಪ್ಪ, ಕಂಬದಲ್ಲಿ ಅರ್ಧ ದಪ್ಪ ಕೊಯ್ದು ಒಂದರೊಳಗೊಂದು ಕೂರಿಸಿದರೆ ಮೊಳೆಯ ಹಂಗಿಲ್ಲ. ಗುರುತನ್ನು ಪೆನ್ಸಿಲಿನಲ್ಲಿ ಹಾಕದೆ ಚಾಕುವಿನ ತುದಿಯಲ್ಲಿ ಗೀಚಬೇಕು. ಪೆನ್ಸಿಲಿನ ಗೆರೆಗೆ ದಪ್ಪವಿದೆ, ಚಾಕುವಿನ ಗೆರೆಗಿಲ್ಲ. ಮೇಲಾಗಿ ಆ ಗೀರಿನಲ್ಲಿ ಉಳಿಯ ಅಲಗು ತಾನೇ ಹೋಗಿ ಕೂರುತ್ತದೆ. ಗರಗಸ ಗೆರೆಯ ಹೊರಬದಿಗೆ ಓಡಬೇಕು, ಉಳಿದ ಕೂದಲೆಳೆಯನ್ನು ಉಳಿಯಿಂದ ತೆಗೆಯಬೇಕು. ಕೈಯಿಂದ ಒತ್ತಿದರೆ ಕೂರಬೇಕು, ಎತ್ತಿದರೆ ತಾನಾಗಿ ಬೀಳಬಾರದು, ಅದೇ ಹದ. ಆ ಮೆಟ್ಟಿಲ ಮೇಲೆ ಮರದ ಪಟ್ಟದ ಬೊಂಬೆಗಳು ಕೂತಾಗ ಮನೆಯ ಹಬ್ಬಕ್ಕೆ ಮಾಡಿದವರ ಕೈಯೂ ಸೇರಿದಂತಾಗುತ್ತದೆ.

ಎರಡನೆಯದು ಪೆಟ್ಟಿಗೆ, ಅದರ ಮೂಲೆಗೆ ಡವ್‌ಟೇಲ್ ಕೂಡಿಕೆ. ಬುಡದಲ್ಲಿ ಕಿರಿದು, ತುದಿಯಲ್ಲಿ ಅಗಲ ಆಗುವ ಹಲ್ಲುಗಳು ಒಂದನ್ನೊಂದು ಕಚ್ಚಿಕೊಂಡು ಕೂರುವುದರಿಂದ ಒಂದು ದಿಕ್ಕಿನಲ್ಲಿ ಎಷ್ಟು ಎಳೆದರೂ ಬಿಡವು. ಹಲ್ಲಿನ ಓರೆ ಮೆದು ಮರಕ್ಕೆ ಆರಕ್ಕೊಂದು, ಗಟ್ಟಿ ಮರಕ್ಕೆ ಎಂಟಕ್ಕೊಂದು ಎಂಬುದು ಬಡಗಿಗಳು ಪಾಲಿಸಿಕೊಂಡು ಬಂದ ಲೆಕ್ಕ. ಓರೆ ಹೆಚ್ಚಾದರೆ ಹಲ್ಲಿನ ಮೂಲೆ ಮುರಿಯುತ್ತದೆ, ಕಡಿಮೆಯಾದರೆ ಕಚ್ಚುವುದಿಲ್ಲ. ಕೊಡತಿಯಿಂದ ಮೆಲ್ಲಗೆ ತಟ್ಟುತ್ತ ಕೂಡಿಸುವಾಗ ಟೊಕ್ ಟೊಕ್ ಎನ್ನುತ್ತಿದ್ದ ಸದ್ದು ಕಡೆಯ ಪೆಟ್ಟು ಬಿದ್ದಾಗ ತುಂಬಿ ಗಟ್ಟಿಯಾಗುತ್ತದೆ. ಮೂಲೆ ಪೂರ್ತಿ ಕೂತಿತು ಎಂದು ಹೇಳುವುದು ಆ ಸದ್ದೇ.

ಆ ಪೆಟ್ಟಿಗೆಯ ಮುಚ್ಚಳದ ಮೇಲೆ ಒಂದು ಎಲೆ, ಮಾವಿನದೋ ವೀಳ್ಯದ್ದೋ, ಮರದಲ್ಲೇ ಕೂರಿಸಲು ಹೊರಟಾಗ ಮೈಸೂರಿನ ಕುಶಲಕರ್ಮಿಗಳ ದಾರಿಯ ಮೊದಲ ಹೆಜ್ಜೆ ಇಟ್ಟಂತಾಗುತ್ತದೆ. ಅವರ ಕ್ರಮ ಹೇಳಲು ಸರಳ. ಕಾಗದದ ಮೇಲೆ ಚಿತ್ರ ಬರೆದು, ಅದರ ಒಂದೊಂದು ಭಾಗಕ್ಕೂ ತಕ್ಕ ಬಣ್ಣದ ತೆಳುವಾದ ಮರ ಆರಿಸಿ, ನೂಲಿನಂಥ ಬ್ಲೇಡು ಹಾಕಿದ ಫ್ರೆಟ್ ಗರಗಸದಿಂದ ಚೂರು ಕೊಯ್ಯುತ್ತಾರೆ. ಆ ಚೂರುಗಳ ಅಂಚು ಹಿಡಿದು ಬೀಟೆಯ ಹಲಗೆಯ ಮೇಲೆ ಗೀಚಿ, ಗೀಚಿದ್ದರ ಒಳಗನ್ನು ಉಳಿಯಿಂದ ತೋಡಿ, ಅಂಟು ಹಾಕಿ ಕೂರಿಸುತ್ತಾರೆ. ಒಣಗಿದ ಮೇಲೆ ಮೇಲ್ಮೈ ಒಂದೇ ಮಟ್ಟಕ್ಕೆ ಇಳಿಸಿ, ಕಣ್ಣು, ನೆರಿಗೆ, ಗರಿಗಳಂಥ ಸಣ್ಣ ಗೆರೆಗಳನ್ನು ಕೊರೆದು, ಪಾಲಿಷ್ ಹಾಕುತ್ತಾರೆ. ಹೇಳಿ ಮುಗಿಸಲು ಒಂದು ನಿಮಿಷ. ಮಾಡಲು ಕೂತರೆ ಒಂದು ಎಲೆಯ ತೊಟ್ಟಿಗೇ ಬೆಳಗು ಮಧ್ಯಾಹ್ನವಾಗುತ್ತದೆ.

ಮನೆಯಲ್ಲಿ ಮಾಡುವವರಿಗೆ ಒಂದು ಸುಲಭದ ಉಪಾಯವಿದೆ. ಎಲೆಯ ಮರ, ಹಿನ್ನೆಲೆಯ ಮರ ಎರಡರ ತೆಳು ಹಾಳೆಗಳನ್ನೂ ಒಂದರ ಮೇಲೊಂದು ಅಂಟಿಸಿ, ಬ್ಲೇಡನ್ನು ಕೆಲವು ಡಿಗ್ರಿ ವಾಲಿಸಿ ಎರಡನ್ನೂ ಒಟ್ಟಿಗೇ ಕೊಯ್ಯುವುದು. ನೆಟ್ಟಗೆ ಕೊಯ್ದರೆ ಗರಗಸ ತಿಂದ ಜಾಗ ಸುತ್ತಲೂ ಸಂದಾಗಿ ಉಳಿಯುತ್ತದೆ. ವಾಲಿಸಿ ಕೊಯ್ದರೆ ಒಂದರ ಚೂರು ಕೂದಲೆಳೆಯಷ್ಟು ದೊಡ್ಡದಾಗಿ ಬಂದು, ಇನ್ನೊಂದರ ತೂತಿನಲ್ಲಿ ಬಿಗಿಯಾಗಿ ಕೂತು ಆ ಸಂದನ್ನು ಮುಚ್ಚುತ್ತದೆ. ಎಲೆಗೆ ಉಬ್ಬು ತಗ್ಗಿನ ಭಾಸ ಬರಬೇಕಾದರೆ ಬಣ್ಣ ಬೇಡ, ಬೆಂಕಿ ಸಾಕು. ಬಾಣಲೆಯಲ್ಲಿ ನಯವಾದ ಮರಳು ಕಾಯಿಸಿ, ಚೂರಿನ ಒಂದು ಅಂಚನ್ನು ಚಿಮಟದಲ್ಲಿ ಹಿಡಿದು ಕೆಲವು ಕ್ಷಣ ಅದ್ದಿದರೆ, ಪುರಿಭಟ್ಟಿಯ ಕಾದ ಮರಳಿನಲ್ಲಿ ಅಕ್ಕಿ ಸೀಯದೆ ಅರಳುವ ಹಾಗೆ, ಮರ ಸುಡದೆ ಕೆಂಪಗಾಗುತ್ತದೆ. ಅಂಚಿನಲ್ಲಿ ಕಡುಗಂದು, ಒಳಗೆ ಹೋದಂತೆ ತಿಳಿಯಾಗಿ ಕೊನೆಗೆ ಮರದ ಸ್ವಂತ ಬಣ್ಣ. ನಡುನರದ ಎರಡೂ ಕಡೆ ಇಂಥ ಎರಡು ಚೂರು ಕೂಡಿಸಿದರೆ ಚಪ್ಪಟೆ ಎಲೆ ಉಬ್ಬಿ ನಿಲ್ಲುತ್ತದೆ.

ಕಡೆಗೆ ಪಾಲಿಷ್. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಹತ್ತಿಯನ್ನು ಹಳೆಯ ಪಂಚೆಯ ಬಟ್ಟೆಯಲ್ಲಿ ಸುತ್ತಿ, ಎಂಟರ ಆಕಾರದಲ್ಲಿ ತೆಳುವಾಗಿ ಒರೆಸುತ್ತ ಹೋಗಬೇಕು. ಒಂದು ಪದರ ಒಣಗಿದ ಮೇಲೆ ಇನ್ನೊಂದು. ಚನ್ನಪಟ್ಟಣದ ಹಾಲೆ ಮರದ ಗೊಂಬೆಗಳಿಗೆ ಮೆರುಗು ಕೊಡುವುದೂ ಅರಗೇ. ಅಲ್ಲಿ ಅದು ಚರಕಿಯಲ್ಲಿ ತಿರುಗುವ ಮರಕ್ಕೆ ಒತ್ತಿದಾಗ ಉಜ್ಜಾಟದ ಬಿಸಿಗೆ ಕರಗಿ ಹತ್ತುತ್ತದೆ, ಇಲ್ಲಿ ಸ್ಪಿರಿಟ್ಟಿನಲ್ಲಿ ಕರಗಿ ಹತ್ತುತ್ತದೆ. ಮೊದಲ ಪದರ ಬಿದ್ದ ಗಳಿಗೆಯಲ್ಲಿ ಬೀಟೆಯ ನೇರಳೆ ಗೆರೆಗಳೂ ಹಲಸಿನ ಹೊನ್ನೂ ಒಮ್ಮೆಲೇ ಎದ್ದು ಬರುತ್ತವೆ. ಅಷ್ಟು ಹೊತ್ತು ಪುಡಿಯಡಿ ಮಸುಕಾಗಿದ್ದ ಮರ ತನ್ನ ನಿಜವಾದ ಬಣ್ಣ ತೋರಿಸುವ ಆ ಗಳಿಗೆಗಾಗಿಯೇ ಹಿಂದಿನ ಎಲ್ಲ ಕೆಲಸ.

ಇಷ್ಟು ಕೈಯಲ್ಲಿ ಮಾಡಿದ ಮೇಲೆ ಅರಮನೆಗೆ ಹೋಗಬೇಕು. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಮಯದಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ರೂಪಿಸಿದ ಈಗಿನ ಅರಮನೆ 1912ರಲ್ಲಿ ಮುಗಿಯಿತು. ಕಲ್ಲು ಕಬ್ಬಿಣದ ಈ ಕಟ್ಟಡದಲ್ಲೂ ಮರ ತನ್ನ ಪಟ್ಟ ಬಿಟ್ಟುಕೊಟ್ಟಿಲ್ಲ. ದರ್ಬಾರು ಸಭಾಂಗಣವಾದ ಅಂಬಾವಿಲಾಸದ ಕಡೆಯ ಬೀಟೆಯ ಬಾಗಿಲಲ್ಲಿ ದಂತದ ಬಳ್ಳಿಗಳನ್ನು ಕೂರಿಸಿದ ಬಗೆ ನೋಡುವಾಗ, ಬಳ್ಳಿಯ ತುದಿ ಎಷ್ಟು ಕಿರಿದಾಗಿ ಹೋಗಿ ಮುಗಿದಿದೆ ಎಂಬುದರ ಮೇಲೆ ಕಣ್ಣಿಡಿ. ಅಗಲವಾದ ಎಲೆ ಕೂರಿಸುವುದು ಕಷ್ಟವಲ್ಲ. ಸೂಜಿಮೊನೆಯಾಗಿ ಮುಗಿಯುವ ಕುಡಿಗೆ ಅಷ್ಟೇ ಸಣ್ಣ ತೋಡು ತೋಡುವುದರಲ್ಲಿದೆ ಕೈಚಳಕ. 1861ರ ಜಗನ್ಮೋಹನ ಅರಮನೆಯ ಬಾಗಿಲುಗಳಲ್ಲಿ ದಶಾವತಾರದ ಕೆತ್ತನೆಯಿದೆ. ಅಲ್ಲಿ ನೋಡಬೇಕಾದದ್ದು ಹಿನ್ನೆಲೆಯ ಆಳ ಎಲ್ಲೆಡೆ ಒಂದೇ ಸಮ ಉಳಿದಿರುವ ಶಿಸ್ತು. ಶ್ರೀರಂಗಪಟ್ಟಣದ ಗುಂಬಜ್‌ನಲ್ಲಿ ಕರಿಮರಕ್ಕೆ ದಂತ ಕೂರಿಸಿದ ಬಾಗಿಲುಗಳಿವೆ, ಗವರ್ನರ್ ಜನರಲ್ ಡಾಲ್‌ಹೌಸಿ ಕೊಡಿಸಿದ್ದು ಎಂದು ಹೆಸರಾದವು. ಕಪ್ಪು ಬಿಳುಪು ಎರಡೇ ಬಣ್ಣದಲ್ಲಿ ಎಷ್ಟು ಹೇಳಬಹುದು ಎಂಬುದಕ್ಕೆ ಆ ಬಾಗಿಲು ಸಾಕ್ಷಿ.

ದಂತದ ಕಾಲ ಮುಗಿಯಿತು, ಮುಗಿಯಬೇಕಾದದ್ದೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದರ ನಂತರದ ತಿದ್ದುಪಡಿಗಳು ದಂತದ ವ್ಯಾಪಾರಕ್ಕೆ ತೆರೆ ಎಳೆದವು. ಬಿಳುಪಿಗೆ ಹಾಲೆಯೂ ಪ್ಲಾಸ್ಟಿಕ್ಕೂ ಬಂದವು. ಚಿತ್ರವನ್ನು ಮರಮರದ ಬಣ್ಣಗಳಲ್ಲೇ ತೋರಿಸುವ ಕೆಲಸವನ್ನು ನಾನು ದಂತದ ಕೆಲಸಕ್ಕಿಂತ ಒಂದು ತೂಕ ಮೇಲೆ ಇಡುತ್ತೇನೆ. ದಂತ ಎದ್ದು ಕಾಣುತ್ತದೆ. ಹಾಲೆಯ ಬಿಳುಪು ಬೀಟೆಯ ಜೊತೆ ಬೆರೆಯುತ್ತದೆ. ಬೀಟೆಯೂ ಈಗ ಅಪರೂಪ. ಅದರ ಕುಲದ ಬಹುತೇಕ ಮರಗಳು 2017ರಿಂದ ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟ್ಸ್ ಒಪ್ಪಂದದ ಎರಡನೆಯ ಪಟ್ಟಿಗೆ ಸೇರಿ, ದೇಶದ ಗಡಿ ದಾಟಲು ಪರವಾನಗಿ ಬೇಡುತ್ತಿವೆ. ಮನೆಯ ಹವ್ಯಾಸಿ ರಸೀದಿ ಇಲ್ಲದ ಬೀಟೆಯನ್ನು ಮುಟ್ಟಬಾರದು. ಮುಟ್ಟುವ ಅಗತ್ಯವೂ ಇಲ್ಲ. ಮುರಿದ ಹಳೆಯ ಕುರ್ಚಿಯ ಕಾಲು, ಕೆಡವಿದ ಮನೆಯ ಕಿಟಕಿಯ ಚೌಕಟ್ಟು ಇವುಗಳಲ್ಲಿ ದಶಕಗಳ ಕಾಲ ಒಣಗಿ ಹದವಾದ ಮರವಿದೆ. ಅಂಗೈ ಅಗಲದ ಚೂರಿನಿಂದ ಎಷ್ಟೋ ಎಲೆಗಳಾಗುತ್ತವೆ. ಒಂದು ಎಚ್ಚರ ಮಾತ್ರ ಬೇಕು: ಬೀಟೆ, ತೇಗಗಳ ಪುಡಿ ಕೆಲವರ ಚರ್ಮಕ್ಕೂ ಶ್ವಾಸಕ್ಕೂ ಆಗಿಬರುವುದಿಲ್ಲ. ಉಜ್ಜುವಾಗ ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಲೇಬೇಕು.

ಮೈಸೂರಿನ ಬೀಟೆ ಇನ್‌ಲೇಗೆ ಜಿಐ, ಅಂದರೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಆ ಮಾನ್ಯತೆ ನಕಲಿನಿಂದ ಹೆಸರನ್ನು ಕಾಪಾಡಬಹುದು. ಕುಶಲಕರ್ಮಿಯ ಮಗಳೋ ಮಗನೋ ಅದೇ ಮೇಜಿನ ಮುಂದೆ ಕೂರಬೇಕಾದರೆ ಕೆಲಸದ ಬೆಲೆ ಬಲ್ಲ ಗಿರಾಕಿ ಬೇಕು. ಒಂದೇ ಒಂದು ಮಾವಿನೆಲೆಯನ್ನು ತಮ್ಮ ಕೈಯಾರೆ ಕೂರಿಸಿದವರು, ನೂರಾರು ಚೂರುಗಳ ಜಂಬೂಸವಾರಿಯ ಫಲಕದ ಮುಂದೆ ಚೌಕಾಸಿಗೆ ಬಾಯಿ ತೆರೆಯಲಾರರು. ಅಂಬಾರಿಯ ಅಂಚು, ಮಾವುತನ ಪೇಟ, ಆನೆಯ ಕಿವಿಯ ಮಡಿಕೆ ಒಂದೊಂದಕ್ಕೂ ಎಷ್ಟು ಹೊತ್ತು ಬೇಕಾಯಿತೆಂದು ಅವರಿಗೆ ಗೊತ್ತು. ಅಚ್ಚು ಹಾಕಿದ ಚಿತ್ರವನ್ನೂ ಕೊಯ್ದು ಕೂರಿಸಿದ ಚಿತ್ರವನ್ನೂ ಅವರು ಬೆಳಕಿಗೆ ಓರೆ ಮಾಡಿ ಒಂದೇ ನೋಟದಲ್ಲಿ ಬೇರೆ ಮಾಡಬಲ್ಲರು. ಹೀಗಾಗಿ ಕಾರ್ ಶೆಡ್ಡಿನ ಮೂಲೆಯ ಆ ಮೇಜು ಬರಿಯ ಹವ್ಯಾಸದ ಮೇಜಲ್ಲ, ಊರಿನ ಕಲೆಗೆ ರಸಿಕರನ್ನು ತಯಾರು ಮಾಡುವ ಜಾಗ. ಒಂದು ಸಾಣೆಕಲ್ಲು, ಒಂದು ಉಳಿ ಕೊಂಡು ತಂದು ಈ ಭಾನುವಾರವೇ ಶುರುಮಾಡಿ. ನಿಮ್ಮ ಮೊದಲ ಎಲೆ ಕೂತ ಮೇಲೆ ಹೋಗಿ, ಕುಶಲಕರ್ಮಿ ಹೇಳಿದ ಬೆಲೆಗೇ ಒಂದು ಫಲಕ ಕೊಂಡು ತನ್ನಿ.